ಚಿನ್ನದ ಸಿಂಹ ಟ್ಯಾಮರಿನ್ ಅರಣ್ಯ ಕಾರಿಡಾರ್‌ಗಳು

ಚಿನ್ನದ ಸಿಂಹ ಟ್ಯಾಮರಿನ್ ಅರಣ್ಯ ಕಾರಿಡಾರ್‌ಗಳು ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ರಾಜ್ಯದಲ್ಲಿ, ತುಂಡುತುಂಡಾಗಿ ಉಳಿದಿರುವ ಅಟ್ಲಾಂಟಿಕ್ ಮಳೆಕಾಡನ್ನು ಮತ್ತೆ ಜೋಡಿಸುವ ಉದ್ದೇಶದಿಂದ ಬೆಳೆಸಲಾಗುತ್ತಿರುವ ಕಾಡಿನ ಪಟ್ಟಿಗಳು. ಇವು ಮುಖ್ಯವಾಗಿ ಸಾವೊ ಜೊವಾವೊ ನದಿಯ ಜಲಾನಯನ ಪ್ರದೇಶದಲ್ಲಿವೆ. ಅಳಿವಿನಂಚಿನಲ್ಲಿರುವ ಚಿನ್ನದ ಸಿಂಹ ಟ್ಯಾಮರಿನ್ ಎಂಬ ಪುಟ್ಟ ವಾನರವು ಒಂದು ಕಾಡಿನಿಂದ ಇನ್ನೊಂದಕ್ಕೆ ಸಾಗಿ ಸಂಗಾತಿಯನ್ನೂ ಹೊಸ ನೆಲೆಯನ್ನೂ ಕಂಡುಕೊಳ್ಳಲು ಅನುವಾಗುವಂತೆ ಇವನ್ನು ರೂಪಿಸಲಾಗಿದೆ. 1970ರ ದಶಕದ ಆರಂಭದಲ್ಲಿ ಕಾಡಿನಲ್ಲಿ ಸುಮಾರು 200ಕ್ಕೆ ಇಳಿದಿದ್ದ ಈ ಪ್ರಾಣಿಯ ಸಂಖ್ಯೆ 2023ರಲ್ಲಿ ಪ್ರಕಟವಾದ ಗಣತಿಯ ಪ್ರಕಾರ ಸುಮಾರು 4,800 ಆಗಿದೆ. ಆದರೂ ಅವು ವಾಸಿಸುವ ಕಾಡು ಇನ್ನೂ ಪೂರ್ಣವಾಗಿ ಜೋಡಣೆಯಾಗದಿರುವುದರಿಂದ ಈ ಪ್ರಭೇದವು ಅಪಾಯದಿಂದ ಪಾರಾಗಿದೆ ಎಂದು ಪರಿಗಣಿಸಲಾಗಿಲ್ಲ.

ಪ್ರಾಣಿ ಮತ್ತು ಅದರ ನೆಲೆ

ಚಿನ್ನದ ಸಿಂಹ ಟ್ಯಾಮರಿನ್‌ನ ವೈಜ್ಞಾನಿಕ ಹೆಸರು ಲಿಯೊಂಟೊಪಿಥೆಕಸ್ ರೊಸಾಲಿಯಾ. ಪೋರ್ಚುಗೀಸ್ ಭಾಷೆಯಲ್ಲಿ ಇದನ್ನು ಮಿಕೊ-ಲೆಯಾವೊ-ದೌರಾದೊ ಎಂದು ಕರೆಯುತ್ತಾರೆ. ಮುಖದ ಸುತ್ತ ಕೇಸರದಂತೆ ಹರಡಿರುವ ಹೊಂಬಣ್ಣದ ಕೂದಲೇ ಈ ಹೆಸರಿಗೆ ಕಾರಣ. ವಯಸ್ಕ ಪ್ರಾಣಿಯ ತೂಕ ಅರ್ಧ ಕಿಲೋಗ್ರಾಂಗಿಂತ ತುಸು ಹೆಚ್ಚು. ಬಾಲವು ದೇಹಕ್ಕಿಂತ ಉದ್ದವಾಗಿರುತ್ತದೆ. ಹಣ್ಣು, ಮಕರಂದ, ಕೀಟ ಮತ್ತು ಸಣ್ಣ ಕಶೇರುಕಗಳು ಇದರ ಆಹಾರ. ನೀಳವಾದ ಬೆರಳುಗಳಿಂದ ಮರದ ತೊಗಟೆಯ ಸಂದುಗಳನ್ನೂ ಕೊಂಬೆಗಳ ಮೇಲೆ ಬೆಳೆಯುವ ಬ್ರೊಮೆಲಿಯಾಡ್ ಸಸ್ಯಗಳ ಎಲೆಬುಡಗಳನ್ನೂ ಕೆದಕಿ ಕೀಟಗಳನ್ನು ಹಿಡಿಯುತ್ತದೆ. ತಿಂದ ಹಣ್ಣುಗಳ ಬೀಜವನ್ನು ಕಾಡಿನಲ್ಲಿ ಹರಡುವುದರಿಂದ ಕಾಡಿನ ಪುನರುತ್ಪತ್ತಿಯಲ್ಲಿಯೂ ಇದಕ್ಕೆ ಪಾತ್ರವಿದೆ.

ಟ್ಯಾಮರಿನ್‌ಗಳು ಸಣ್ಣ ಕುಟುಂಬಗಳಾಗಿ ಬದುಕುತ್ತವೆ. ಸಾಮಾನ್ಯವಾಗಿ ಅವಳಿ ಮರಿಗಳು ಹುಟ್ಟುತ್ತವೆ. ತಾಯಿಯಲ್ಲದೆ ತಂದೆ ಮತ್ತು ಗುಂಪಿನ ಇತರ ಸದಸ್ಯರೂ ಮರಿಗಳನ್ನು ಹೊತ್ತು ಸಾಕುತ್ತಾರೆ. ರಾತ್ರಿ ಮರದ ಪೊಟರೆಗಳಲ್ಲಿ ಮಲಗುತ್ತವೆ. ಒಂದು ಗುಂಪು ಸರಾಸರಿ 45 ಹೆಕ್ಟೇರ್‌ನಷ್ಟು ಕಾಡನ್ನು ತನ್ನ ನೆಲೆಯನ್ನಾಗಿ ಕಾಯ್ದುಕೊಳ್ಳುತ್ತದೆ. ಪ್ರಾಯಕ್ಕೆ ಬಂದವು ಹುಟ್ಟಿದ ಗುಂಪನ್ನು ತೊರೆದು ಬೇರೆಡೆ ಸಂಗಾತಿಯನ್ನು ಅರಸುತ್ತವೆ. ರಿಯೊ ಡಿ ಜನೈರೊ ರಾಜ್ಯದ ಕರಾವಳಿಯ ತಗ್ಗು ಪ್ರದೇಶದ ಕಾಡುಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಈ ಪ್ರಭೇದವು ಸಹಜವಾಗಿ ಕಂಡುಬರುವುದಿಲ್ಲ.

ಕಾಡು ತುಂಡಾದ ಬಗೆ

ಬ್ರೆಜಿಲ್‌ನ ಪೂರ್ವ ಕರಾವಳಿಯುದ್ದಕ್ಕೂ ಹಬ್ಬಿದ್ದ ಅಟ್ಲಾಂಟಿಕ್ ಕಾಡು ಮೂಲತಃ ಸುಮಾರು 13 ಲಕ್ಷ ಚದರ ಕಿಲೋಮೀಟರ್ ವಿಸ್ತಾರವಾಗಿತ್ತು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬಣ್ಣಕ್ಕಾಗಿ ಬ್ರೆಜಿಲ್‌ವುಡ್ ಮರವನ್ನು ಕಡಿಯಲಾರಂಭಿಸಿದಂದಿನಿಂದ ಅದರ ನಾಶ ಆರಂಭವಾಯಿತು. ಅನಂತರ ಕಬ್ಬು, 19ನೆಯ ಶತಮಾನದಲ್ಲಿ ಕಾಫಿ, ಆಮೇಲೆ ದನಗಳ ಹುಲ್ಲುಗಾವಲು, ಇದ್ದಿಲು ಮತ್ತು ನಗರಗಳ ಬೆಳವಣಿಗೆ ಒಂದರ ಹಿಂದೊಂದಾಗಿ ಕಾಡನ್ನು ಆಕ್ರಮಿಸಿದವು. ರಿಯೊ ಮತ್ತು ಸಾವೊ ಪಾಲೊದಂತಹ ಮಹಾನಗರಗಳು ಬೆಳೆದಿರುವುದು ಈ ಕಾಡಿನ ನೆಲದಲ್ಲಿಯೇ. ಇಂದು ಮೂಲ ಕಾಡಿನ ಸುಮಾರು 12%ರಷ್ಟು ಮಾತ್ರ ಉಳಿದಿದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು.

ಸಾವೊ ಜೊವಾವೊ ನದಿಯ ಕಣಿವೆಯಲ್ಲಿ 20ನೆಯ ಶತಮಾನದ ಉತ್ತರಾರ್ಧದಲ್ಲಿ ಬದಲಾವಣೆ ಇನ್ನೂ ತೀವ್ರವಾಯಿತು. ಜೌಗು ನೆಲಗಳ ನೀರನ್ನು ಬಸಿದು ನದಿಯನ್ನು ನೇರ ಕಾಲುವೆಯಾಗಿಸಲಾಯಿತು. ಕುಡಿಯುವ ನೀರಿಗಾಗಿ ಜುತುರ್ನಾಯಿಬಾ ಜಲಾಶಯವನ್ನು ಕಟ್ಟಲಾಯಿತು. ಬಿಆರ್-101 ರಾಷ್ಟ್ರೀಯ ಹೆದ್ದಾರಿಯು ಕಾಡನ್ನು ಸೀಳಿಕೊಂಡು ಹೋಯಿತು. 1974ರಲ್ಲಿ ರಿಯೊ ಮತ್ತು ನಿತೆರೊಯಿ ನಗರಗಳ ನಡುವೆ ಸೇತುವೆಯಾದ ಮೇಲೆ ಮಹಾನಗರದಿಂದ ಈ ಪ್ರದೇಶಕ್ಕೆ ಸಂಚಾರ ಸುಲಭವಾಗಿ, ಭೂಮಿಗೆ ಬೇಡಿಕೆ ಹೆಚ್ಚಿತು. ಹುಲ್ಲುಗಾವಲಿನ ಮಧ್ಯೆ ಗುಡ್ಡದ ನೆತ್ತಿಗಳಲ್ಲಿ ಮಾತ್ರ ಕಾಡು ಉಳಿದುಕೊಂಡಿತು. ಇದೇ ಅವಧಿಯಲ್ಲಿ ಸಾಕುಪ್ರಾಣಿಯಾಗಿ ಮಾರುವುದಕ್ಕಾಗಿ ಟ್ಯಾಮರಿನ್‌ಗಳನ್ನು ಹಿಡಿಯುವುದೂ ನಡೆದಿತ್ತು.

ಸಣ್ಣ ತುಣುಕುಗಳ ಸಮಸ್ಯೆ

ಅಟ್ಲಾಂಟಿಕ್ ಕಾಡಿನ ತುಣುಕುಗಳ ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅವುಗಳಲ್ಲಿ 80%ಕ್ಕೂ ಹೆಚ್ಚಿನವು 50 ಹೆಕ್ಟೇರ್‌ಗಿಂತ ಚಿಕ್ಕವು. ಉಳಿದಿರುವ ಕಾಡಿನ ಸರಿಸುಮಾರು ಅರ್ಧಭಾಗವು ಕಾಡಿನ ಅಂಚಿನಿಂದ 100 ಮೀಟರ್‌ನೊಳಗೆ ಇದೆ. ಟ್ಯಾಮರಿನ್ ಗುಂಪೊಂದಕ್ಕೆ ಸುಮಾರು 45 ಹೆಕ್ಟೇರ್ ಕಾಡು ಬೇಕೆಂಬುದನ್ನು ಇದರೊಡನೆ ಇಟ್ಟು ನೋಡಿದರೆ ಸಮಸ್ಯೆ ಸ್ಪಷ್ಟವಾಗುತ್ತದೆ. ಇಂತಹ ಒಂದು ತುಣುಕಿನಲ್ಲಿ ಒಂದೇ ಕುಟುಂಬಕ್ಕೆ ಎಡೆಯಿರುತ್ತದೆ. ಅಲ್ಲಿ ಹುಟ್ಟಿದ ಮರಿಗಳು ಪ್ರಾಯಕ್ಕೆ ಬಂದಾಗ ರಕ್ತಸಂಬಂಧವಿಲ್ಲದ ಸಂಗಾತಿ ಅಲ್ಲಿ ಸಿಗುವುದಿಲ್ಲ. ಹೊರಗೆ ಹೋಗಬೇಕಾದರೆ ಹುಲ್ಲುಗಾವಲನ್ನು ದಾಟಬೇಕು. ಮರದಿಂದ ಮರಕ್ಕೆ ಸಾಗುವ ಈ ಪ್ರಾಣಿ ಬಯಲಿಗಿಳಿಯಲು ಹಿಂಜರಿಯುತ್ತದೆ. ಇಳಿದರೆ ಹದ್ದು, ನಾಯಿ ಮತ್ತು ವಾಹನಗಳ ಅಪಾಯವಿರುತ್ತದೆ.

ಹೀಗೆ ಪ್ರತ್ಯೇಕಗೊಂಡ ಗುಂಪುಗಳಲ್ಲಿ ಒಳಸಂತಾನೋತ್ಪತ್ತಿ ಹೆಚ್ಚಿ, ಕೆಲವು ತಲೆಮಾರುಗಳಲ್ಲಿ ಆನುವಂಶಿಕ ವೈವಿಧ್ಯ ಕುಗ್ಗುತ್ತದೆ; ಮರಿಗಳ ಉಳಿವು ಕಡಿಮೆಯಾಗುತ್ತದೆ. ಬೆಂಕಿ ಅಥವಾ ರೋಗದಿಂದ ಒಂದು ತುಣುಕಿನ ಗುಂಪು ನಾಶವಾದರೆ ನೆರೆಯ ಕಾಡಿನಿಂದ ಬಂದು ಆ ಜಾಗವನ್ನು ತುಂಬುವವರಿರುವುದಿಲ್ಲ. ಕಾಡು ಕಣ್ಣಿಗೆ ಹಸಿರಾಗಿಯೇ ಕಂಡರೂ ಅದರೊಳಗಿನ ಪ್ರಾಣಿಸಂಕುಲವು ಒಂದೊಂದೇ ತುಣುಕಿನಿಂದ ಮರೆಯಾಗುತ್ತ ಹೋಗುತ್ತದೆ.

ಸಂರಕ್ಷಣೆಯ ಮೊದಲ ಹಂತ

ಈ ಪ್ರಭೇದದ ದುಃಸ್ಥಿತಿಯನ್ನು ಮೊದಲು ಲೋಕದ ಗಮನಕ್ಕೆ ತಂದವರಲ್ಲಿ ಬ್ರೆಜಿಲ್‌ನ ವಾನರತಜ್ಞ ಅದೆಲ್ಮಾರ್ ಕೊಯಿಂಬ್ರಾ-ಫಿಲ್ಯೊ ಪ್ರಮುಖರು. 1960ರ ದಶಕದಲ್ಲಿಯೇ ಅವರು ಉಳಿದ ಕಾಡುಗಳನ್ನು ಸುತ್ತಿ ಎಚ್ಚರಿಕೆ ನೀಡಿದ್ದರು. 1974ರಲ್ಲಿ ಸಿಲ್ವಾ ಜಾರ್ದಿಂ ಪ್ರದೇಶದಲ್ಲಿ ಸುಮಾರು 5,000 ಹೆಕ್ಟೇರ್ ವಿಸ್ತೀರ್ಣದ ಪೋಸೊ ದಾಸ್ ಆಂತಾಸ್ ಜೈವಿಕ ಮೀಸಲು ಪ್ರದೇಶವನ್ನು ಸ್ಥಾಪಿಸಲಾಯಿತು. ಇದು ಬ್ರೆಜಿಲ್‌ನ ಮೊದಲ ಜೈವಿಕ ಮೀಸಲು ಪ್ರದೇಶ.

ಅದೇ ವೇಳೆಗೆ ಅಮೆರಿಕದ ವಾಷಿಂಗ್ಟನ್‌ನ ರಾಷ್ಟ್ರೀಯ ಮೃಗಾಲಯದಲ್ಲಿ ಡೆವ್ರಾ ಕ್ಲೈಮನ್ ಅವರು ಟ್ಯಾಮರಿನ್‌ಗಳ ಕುಟುಂಬ ಜೀವನವನ್ನು ಅಧ್ಯಯನ ಮಾಡಿ, ಮೃಗಾಲಯಗಳಲ್ಲಿ ಅವುಗಳ ಸಂತಾನಾಭಿವೃದ್ಧಿಯನ್ನು ಯಶಸ್ವಿಗೊಳಿಸಿದರು. 1984ರಿಂದ 2000ದವರೆಗೆ ಮೃಗಾಲಯಗಳಲ್ಲಿ ಹುಟ್ಟಿದ 146 ಟ್ಯಾಮರಿನ್‌ಗಳನ್ನು ಬ್ರೆಜಿಲ್‌ನ ಕಾಡಿಗೆ ಬಿಡಲಾಯಿತು. ಆಹಾರ ಹುಡುಕುವುದೂ ಬಾಗುವ ಕೊಂಬೆಗಳ ಮೇಲೆ ಓಡಾಡುವುದೂ ಅವುಗಳಿಗೆ ಹೊಸದಾಗಿದ್ದುದರಿಂದ ಹಲವು ಸತ್ತವು. ಆದರೆ ಕಾಡಿನಲ್ಲಿಯೇ ಹುಟ್ಟಿದ ಅವುಗಳ ಮರಿಗಳು ಚೆನ್ನಾಗಿ ಹೊಂದಿಕೊಂಡವು. ಅಳಿಯುವ ಸ್ಥಿತಿಯಲ್ಲಿದ್ದ ಸಣ್ಣ ತುಣುಕುಗಳಲ್ಲಿ ಸಿಲುಕಿದ್ದ ಆರು ಗುಂಪುಗಳನ್ನು 1990ರ ದಶಕದಲ್ಲಿ ಹಿಡಿದು, ಟ್ಯಾಮರಿನ್‌ಗಳಿಲ್ಲದಿದ್ದ ಉನಿಯಾವೊ ಎಂಬ ಕಾಡಿಗೆ ಸಾಗಿಸಲಾಯಿತು. 1998ರಲ್ಲಿ ಆ ಕಾಡನ್ನೂ ಜೈವಿಕ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಈ ಎಲ್ಲ ಕೆಲಸಗಳನ್ನು ಸ್ಥಳೀಯವಾಗಿ ಮುನ್ನಡೆಸಲು 1992ರಲ್ಲಿ ಚಿನ್ನದ ಸಿಂಹ ಟ್ಯಾಮರಿನ್ ಸಂಘವು ಸ್ಥಾಪನೆಯಾಯಿತು. 2003ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಪ್ರಭೇದವನ್ನು ‘ತೀವ್ರವಾಗಿ ಅಳಿವಿನಂಚಿನಲ್ಲಿರುವ’ ವರ್ಗದಿಂದ ‘ಅಳಿವಿನಂಚಿನಲ್ಲಿರುವ’ ವರ್ಗಕ್ಕೆ ವರ್ಗಾಯಿಸಿತು.

ಎಷ್ಟು ಕಾಡು ಸಾಕು

ಮೃಗಾಲಯದಿಂದ ಪ್ರಾಣಿಗಳನ್ನು ತಂದು ಬಿಡುವುದರಿಂದ ಸಂಖ್ಯೆ ಹೆಚ್ಚಿತಾದರೂ ಅವು ನೆಲೆಸಬಹುದಾದ ಕಾಡುಗಳು ತುಂಬತೊಡಗಿದವು. ಹೀಗಾಗಿ ಸಂರಕ್ಷಣೆಯ ಪ್ರಶ್ನೆಯು ಎಷ್ಟು ಪ್ರಾಣಿಗಳು ಎಂಬುದರಿಂದ ಎಷ್ಟು ಕಾಡು ಎಂಬುದಕ್ಕೆ ತಿರುಗಿತು. ತಜ್ಞರು ಗಣಕ ಮಾದರಿಗಳ ನೆರವಿನಿಂದ ಲೆಕ್ಕ ಹಾಕಿ, ಮುಂದಿನ 100 ವರ್ಷಗಳ ಕಾಲ ಪ್ರಭೇದವು ಅಳಿಯದೆ, ಅದರ ಆನುವಂಶಿಕ ವೈವಿಧ್ಯದ 98%ರಷ್ಟು ಉಳಿಯಬೇಕಾದರೆ ಕನಿಷ್ಠ 2,000 ಟ್ಯಾಮರಿನ್‌ಗಳು ಬೇಕು ಎಂಬ ಗುರಿಯನ್ನು ನಿಗದಿಪಡಿಸಿದರು. ಅವುಗಳಿಗೆ 25,000 ಹೆಕ್ಟೇರ್ ಕಾಡು ಅಗತ್ಯವೆಂದೂ ಆ ಕಾಡು ಸಂರಕ್ಷಿತವೂ ಪರಸ್ಪರ ಜೋಡಣೆಗೊಂಡುದೂ ಆಗಿರಬೇಕೆಂದೂ ನಿರ್ಧರಿಸಲಾಯಿತು. ಇದನ್ನು ಸಾಧಿಸಲು 2025ನೆಯ ವರ್ಷವನ್ನು ಗಡುವಾಗಿ ಇಟ್ಟುಕೊಳ್ಳಲಾಗಿತ್ತು.

ಈ ಗುರಿಯಲ್ಲಿ ‘ಜೋಡಣೆಗೊಂಡ’ ಎಂಬ ಪದವೇ ನಿರ್ಣಾಯಕವಾದುದು. ಎರಡು ಸಾವಿರ ಪ್ರಾಣಿಗಳು ಹತ್ತಾರು ಪ್ರತ್ಯೇಕ ತುಣುಕುಗಳಲ್ಲಿ ಹಂಚಿಹೋಗಿದ್ದರೆ ಅವು ಆನುವಂಶಿಕ ದೃಷ್ಟಿಯಿಂದ ಒಂದು ದೊಡ್ಡ ಸಮುದಾಯವಲ್ಲ. ಒಂದೊಂದೂ ಪ್ರತ್ಯೇಕವಾಗಿ ಕುಸಿಯಬಹುದಾದ ಹತ್ತಾರು ಸಣ್ಣ ಸಮುದಾಯಗಳು. ತುಣುಕುಗಳ ನಡುವೆ ಆಗಾಗ ಕೆಲವೇ ಪ್ರಾಣಿಗಳು ಓಡಾಡಿದರೂ ವಂಶವಾಹಿಗಳ ಹರಿವು ಮುಂದುವರಿಯುತ್ತದೆ. ಆದ್ದರಿಂದ ಸರಿಯಾದ ಜಾಗದಲ್ಲಿ ಬೆಳೆಸಿದ ಕೆಲವೇ ಹೆಕ್ಟೇರ್ ಕಾಡು ಸಾವಿರಾರು ಹೆಕ್ಟೇರ್‌ಗಳ ಉಪಯುಕ್ತತೆಯನ್ನು ಹೆಚ್ಚಿಸಬಲ್ಲದು.

ಕಾರಿಡಾರ್ ಬೆಳೆಸುವ ವಿಧಾನ

ಜಾಗದ ಆಯ್ಕೆ: ಉಪಗ್ರಹ ಚಿತ್ರಗಳ ಮತ್ತು ಟ್ಯಾಮರಿನ್‌ಗಳ ಚಲನವಲನದ ಮಾಹಿತಿಯ ಆಧಾರದಿಂದ, ಎರಡು ದೊಡ್ಡ ಕಾಡುಗಳ ನಡುವಿನ ಅತಿ ಕಿರಿದಾದ ಅಂತರಗಳನ್ನು ಗುರುತಿಸಲಾಗುತ್ತದೆ. ಸಾಧ್ಯವಿದ್ದೆಡೆ ಹೊಳೆತೊರೆಗಳ ದಂಡೆಗಳನ್ನು ಆರಿಸಿಕೊಳ್ಳಲಾಗುತ್ತದೆ; ಇದರಿಂದ ನೀರಿನ ಮೂಲಗಳಿಗೂ ರಕ್ಷಣೆ ದೊರೆಯುತ್ತದೆ.

ಭೂಮಾಲೀಕರ ಒಪ್ಪಿಗೆ: ಈ ಪ್ರದೇಶದ ಕಾಡಿನ ಬಹುಪಾಲು ಖಾಸಗಿ ಜಮೀನಿನಲ್ಲಿದೆ. ಬ್ರೆಜಿಲ್‌ನ 2012ರ ಅರಣ್ಯ ಸಂಹಿತೆಯ ಪ್ರಕಾರ ಅಟ್ಲಾಂಟಿಕ್ ಕಾಡಿನ ವಲಯದಲ್ಲಿ ಗ್ರಾಮೀಣ ಜಮೀನಿನ 20%ರಷ್ಟನ್ನು ಸಹಜ ಸಸ್ಯವರ್ಗಕ್ಕೆ ಮೀಸಲಿಡಬೇಕು. ಹೊಳೆಯ ದಂಡೆಗಳನ್ನೂ ಕಾಯ್ದುಕೊಳ್ಳಬೇಕು. ಹೀಗೆ ಮೀಸಲಿಡಬೇಕಾದ ಭಾಗವನ್ನು ನೆರೆಯ ಕಾಡಿಗೆ ತಾಗುವಂತೆ ಇರಿಸಲು ಮಾಲೀಕರ ಮನವೊಲಿಸುವುದು ಕೆಲಸದ ಮುಖ್ಯ ಭಾಗ. ಮಾಲೀಕರು ಸ್ವಇಚ್ಛೆಯಿಂದ ತಮ್ಮ ಕಾಡನ್ನು ಶಾಶ್ವತ ಖಾಸಗಿ ಮೀಸಲು ಪ್ರದೇಶವೆಂದು ನೋಂದಾಯಿಸಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಒಮ್ಮೆ ನೋಂದಾಯಿಸಿದ ಮೇಲೆ ಜಮೀನು ಕೈಬದಲಾದರೂ ಆ ನಿರ್ಬಂಧ ಉಳಿಯುತ್ತದೆ. ಸಿಲ್ವಾ ಜಾರ್ದಿಂ ಪ್ರದೇಶದಲ್ಲಿ ಇಂತಹ ಅನೇಕ ಮೀಸಲು ಪ್ರದೇಶಗಳಿವೆ.

ಸಸಿಗಳ ಸಿದ್ಧತೆ: ಉಳಿದ ಕಾಡುಗಳಿಂದ ಸ್ಥಳೀಯ ಮರಗಳ ಬೀಜಗಳನ್ನು ಸಂಗ್ರಹಿಸಿ ಸಣ್ಣ ಸಸ್ಯಪಾಲನಾ ಕೇಂದ್ರಗಳಲ್ಲಿ ಸಸಿ ಮಾಡಲಾಗುತ್ತದೆ. ಇವುಗಳಲ್ಲಿ ಕೆಲವನ್ನು ಆ ಊರುಗಳ ರೈತ ಕುಟುಂಬಗಳೇ ನಡೆಸುತ್ತವೆ. ಸಸಿ ಮಾರಾಟವು ಅವರಿಗೆ ಆದಾಯದ ಮೂಲವಾಗಿದೆ. ಬೇಗ ಬೆಳೆದು ನೆರಳು ನೀಡುವ ಮರಗಳನ್ನೂ ನಿಧಾನವಾಗಿ ಬೆಳೆದು ದೀರ್ಘಕಾಲ ಬಾಳುವ ಮರಗಳನ್ನೂ ಬೆರೆಸಿ ನೆಡಲಾಗುತ್ತದೆ. ಪ್ರಾಣಿಗಳಿಗೆ ಹಣ್ಣು ಕೊಡುವ ಮರಗಳಿಗೆ ಆದ್ಯತೆಯಿರುತ್ತದೆ.

ಆರೈಕೆ: ನೆಡುವುದಕ್ಕಿಂತ ಕಾಪಾಡುವುದೇ ಕಷ್ಟದ ಕೆಲಸ. ಮೇವಿಗಾಗಿ ಆಫ್ರಿಕಾದಿಂದ ತಂದ ಬ್ರಾಕಿಯಾರಿಯಾ ಹುಲ್ಲು ಸಸಿಗಳನ್ನು ಮುಚ್ಚಿಬಿಡುತ್ತದೆ. ಒಣಹವೆಯ ಕಾಲದಲ್ಲಿ ಅದಕ್ಕೆ ಬೆಂಕಿ ತಗುಲುವುದೂ ಉಂಟು. ದನಗಳು ನುಗ್ಗದಂತೆ ಬೇಲಿ ಹಾಕಬೇಕು. ಎಲೆ ಕತ್ತರಿಸುವ ಇರುವೆಗಳನ್ನು ತಡೆಯಬೇಕು. ಮೊದಲ ಕೆಲವು ವರ್ಷ ಮತ್ತೆ ಮತ್ತೆ ಕಳೆ ತೆಗೆಯಬೇಕು. ಮರಗಳ ನೆತ್ತಿಗಳು ಕೂಡಿಕೊಂಡು ನೆಲಕ್ಕೆ ನೆರಳಾದ ಮೇಲೆ ಹುಲ್ಲು ತಾನಾಗಿ ಹಿಂದೆ ಸರಿಯುತ್ತದೆ. ಅನಂತರ ಹಕ್ಕಿಗಳೂ ಬಾವಲಿಗಳೂ ತರುವ ಬೀಜಗಳಿಂದ ಕಾಡು ತನ್ನಷ್ಟಕ್ಕೆ ತುಂಬಿಕೊಳ್ಳತೊಡಗುತ್ತದೆ.

ಎಳೆಯ ಕಾರಿಡಾರ್ ಹಾದುಹೋಗುವುದಕ್ಕೆ ದಾರಿಯಾಗಬಲ್ಲದೇ ಹೊರತು ವಾಸಕ್ಕೆ ಮನೆಯಾಗುವುದಿಲ್ಲ. ಟ್ಯಾಮರಿನ್‌ಗಳು ಮಲಗಲು ಬೇಕಾದ ಪೊಟರೆಗಳು ಹಳೆಯ ಮರಗಳಲ್ಲಿ ಮಾತ್ರ ಇರುತ್ತವೆ. ಅವು ಉಂಟಾಗಲು ದಶಕಗಳು ಬೇಕು.

ಹೆದ್ದಾರಿಯ ಮೇಲಿನ ಹಸಿರು ಸೇತುವೆ

ಬಿಆರ್-101 ಹೆದ್ದಾರಿಯನ್ನು ಅಗಲಗೊಳಿಸಿದಾಗ ಅದರ ಎರಡು ಬದಿಗಳ ಕಾಡುಗಳ ನಡುವಿನ ಅಲ್ಪಸ್ವಲ್ಪ ಸಂಪರ್ಕವೂ ಕಡಿದುಹೋಗುವ ಸ್ಥಿತಿ ಬಂತು. ಪರಿಸರ ಅನುಮತಿಯ ಭಾಗವಾಗಿ ವನ್ಯಜೀವಿಗಳಿಗೆ ದಾಟುದಾರಿಗಳನ್ನು ಕಲ್ಪಿಸಬೇಕಾಯಿತು. ರಸ್ತೆಯ ಅಡಿಯ ಸುರಂಗಗಳು ಮತ್ತು ಮೇಲೆ ಕಟ್ಟಿದ ಹಗ್ಗದ ಸೇತುವೆಗಳೊಂದಿಗೆ, ಸಿಲ್ವಾ ಜಾರ್ದಿಂನಲ್ಲಿ ಮಣ್ಣು ತುಂಬಿ ಗಿಡಮರ ನೆಟ್ಟ ಕಾಂಕ್ರೀಟ್ ಮೇಲ್ಸೇತುವೆಯೊಂದು 2020ರಲ್ಲಿ ಸಿದ್ಧವಾಯಿತು. ಬ್ರೆಜಿಲ್‌ನ ಕೇಂದ್ರ ಸರ್ಕಾರದ ಹೆದ್ದಾರಿಯೊಂದರ ಮೇಲೆ ನಿರ್ಮಾಣವಾದ ಇಂತಹ ಮೊದಲ ಸೇತುವೆ ಇದು.

ಸೇತುವೆಯ ಒಂದು ಬದಿಯಲ್ಲಿ ಪೋಸೊ ದಾಸ್ ಆಂತಾಸ್ ಮೀಸಲು ಪ್ರದೇಶವಿದೆ. ಇನ್ನೊಂದು ಬದಿಯಲ್ಲಿದ್ದ ಇಗರಪೆ ಎಂಬ 237 ಹೆಕ್ಟೇರ್‌ನ ಜಮೀನನ್ನು ಟ್ಯಾಮರಿನ್ ಸಂಘವು ವಿದೇಶೀ ದಾನಿ ಸಂಸ್ಥೆಗಳ ನೆರವಿನಿಂದ 2018ರಲ್ಲಿ ಕೊಂಡು, ಅಲ್ಲಿನ ಹುಲ್ಲುಗಾವಲಿನಲ್ಲಿ ಕಾಡು ಬೆಳೆಸಲು ಆರಂಭಿಸಿತು. ಸೇತುವೆಯೊಂದನ್ನೇ ಕಟ್ಟಿ, ಅದರ ತುದಿ ಹುಲ್ಲುಗಾವಲಿನಲ್ಲಿ ಕೊನೆಗೊಂಡಿದ್ದರೆ ಮರದ ಮೇಲೆ ವಾಸಿಸುವ ಪ್ರಾಣಿಗಳಿಗೆ ಅದರಿಂದ ಪ್ರಯೋಜನವಿರುತ್ತಿರಲಿಲ್ಲ.

ಹಳದಿ ಜ್ವರ

2016ರ ಕೊನೆಯಲ್ಲಿ ಬ್ರೆಜಿಲ್‌ನ ಆಗ್ನೇಯ ಭಾಗದಲ್ಲಿ ಹಳದಿ ಜ್ವರವು ವ್ಯಾಪಕವಾಗಿ ಕಾಣಿಸಿಕೊಂಡಿತು. ಕಾಡಿನ ಸೊಳ್ಳೆಗಳಿಂದ ಹರಡುವ ಈ ವೈರಾಣು ರೋಗಕ್ಕೆ ಅಮೆರಿಕ ಖಂಡಗಳ ವಾನರಗಳು ಬಹುಬೇಗ ಬಲಿಯಾಗುತ್ತವೆ. ಕೋತಿಗಳೇ ರೋಗ ಹರಡುತ್ತವೆ ಎಂಬ ತಪ್ಪು ತಿಳಿವಳಿಕೆಯಿಂದ ಜನರು ಅವುಗಳನ್ನು ಕೊಂದ ಪ್ರಕರಣಗಳೂ ನಡೆದವು. ವಾಸ್ತವದಲ್ಲಿ ಅವು ರೋಗದ ಬಲಿಪಶುಗಳು. ಸತ್ತ ಕೋತಿಯು ಮನುಷ್ಯರಿಗೆ ಮುನ್ನೆಚ್ಚರಿಕೆಯೇ ಹೊರತು ಸೋಂಕಿನ ಮೂಲವಲ್ಲ. 2018ರಲ್ಲಿ ಚಿನ್ನದ ಸಿಂಹ ಟ್ಯಾಮರಿನ್‌ನಲ್ಲಿ ಈ ರೋಗದಿಂದಾದ ಮೊದಲ ಸಾವು ದೃಢಪಟ್ಟಿತು. 2014ರಲ್ಲಿ ಸುಮಾರು 3,700 ಇದ್ದ ಅವುಗಳ ಸಂಖ್ಯೆ ಅನಂತರದ ಗಣತಿಯಲ್ಲಿ ಸುಮಾರು 2,500ಕ್ಕೆ ಕುಸಿದಿತ್ತು. ಅಂದರೆ ಸರಿಸುಮಾರು ಮೂರನೆಯ ಒಂದು ಭಾಗ ನಷ್ಟವಾಗಿತ್ತು. ಪೋಸೊ ದಾಸ್ ಆಂತಾಸ್‌ನಲ್ಲಿ ಹಾನಿ ಅತಿ ತೀವ್ರವಾಗಿತ್ತು.

ಸಂರಕ್ಷಕರು ಮನುಷ್ಯರಿಗೆ ನೀಡುವ ಹಳದಿ ಜ್ವರದ ಲಸಿಕೆಯನ್ನು ಬಂಧನದಲ್ಲಿದ್ದ ಪ್ರಾಣಿಗಳ ಮೇಲೆ ಪ್ರಯೋಗಿಸಿ, ಸರ್ಕಾರದ ಅನುಮತಿಯೊಂದಿಗೆ ಕಾಡಿನ ಟ್ಯಾಮರಿನ್‌ಗಳನ್ನು ಬೋನಿನಲ್ಲಿ ಹಿಡಿದು, ಲಸಿಕೆ ನೀಡಿ, ಮರಳಿ ಬಿಡಲಾರಂಭಿಸಿದರು. ಅಳಿವಿನಂಚಿನ ವಾನರವೊಂದಕ್ಕೆ ಕಾಡಿನಲ್ಲಿಯೇ ಹೀಗೆ ಲಸಿಕೆ ಹಾಕಿದ್ದು ಅಪರೂಪದ ಕ್ರಮ. ರೋಗದ ಅಲೆ ತಗ್ಗಿದ ಮೇಲೆ ಸಂಖ್ಯೆ ಚೇತರಿಸಿಕೊಂಡು 2023ರ ವೇಳೆಗೆ ಹಿಂದಿನ ಮಟ್ಟವನ್ನು ಮೀರಿತು. ಒಂದು ರೋಗವು ಕೆಲವೇ ತಿಂಗಳುಗಳಲ್ಲಿ ದಶಕಗಳ ಗಳಿಕೆಯನ್ನು ಅಳಿಸಬಲ್ಲದೆಂಬುದನ್ನು ಈ ಪ್ರಸಂಗ ತೋರಿಸಿತು. ಬರಿದಾದ ಕಾಡಿಗೆ ಪ್ರಾಣಿಗಳು ತಾವಾಗಿ ಮರಳಬೇಕಾದರೆ ಅಲ್ಲಿಗೆ ದಾರಿ ಇರಬೇಕೆಂಬುದೂ ಇದರಿಂದ ಮನವರಿಕೆಯಾಯಿತು.

ಮಿತಿಗಳು ಮತ್ತು ಆಕ್ಷೇಪಗಳು

ಕಾರಿಡಾರ್‌ಗಳಿಗೆ ತಮ್ಮದೇ ಆದ ಅಪಾಯಗಳಿವೆ. ಬ್ರೆಜಿಲ್‌ನ ಇತರ ಭಾಗಗಳಿಂದ ಸಾಕುಪ್ರಾಣಿಗಳಾಗಿ ಬಂದು ತಪ್ಪಿಸಿಕೊಂಡ ಮಾರ್ಮೊಸೆಟ್‌ಗಳು ಈ ಪ್ರದೇಶದಲ್ಲಿ ಹರಡಿದ್ದು, ಆಹಾರಕ್ಕಾಗಿ ಟ್ಯಾಮರಿನ್‌ಗಳೊಡನೆ ಸ್ಪರ್ಧಿಸುತ್ತವೆ; ರೋಗಗಳನ್ನೂ ತರಬಲ್ಲವು. ಟ್ಯಾಮರಿನ್‌ಗೆ ತೆರೆದ ದಾರಿ ಇವುಗಳಿಗೂ ತೆರೆದಿರುತ್ತದೆ. ಕಿರಿದಾದ ಪಟ್ಟಿಗಳಲ್ಲಿ ಗಾಳಿ, ಬಿಸಿಲು ಮತ್ತು ಬೆಂಕಿಯ ಪರಿಣಾಮ ಹೆಚ್ಚು; ಬೇಟೆಯಾಡುವ ಪ್ರಾಣಿಗಳಿಗೆ ಅಲ್ಲಿ ಟ್ಯಾಮರಿನ್‌ಗಳು ಸುಲಭವಾಗಿ ಸಿಗಬಹುದು. ಹೀಗಿದ್ದರೂ ಪ್ರತ್ಯೇಕತೆಯಿಂದಾಗುವ ನಷ್ಟವು ಖಚಿತವಾದುದು, ಸಂಪರ್ಕದಿಂದಾಗಬಹುದಾದ ನಷ್ಟವು ನಿರ್ವಹಿಸಬಹುದಾದುದು ಎಂಬುದು ಕಾರಿಡಾರ್‌ಗಳ ಪರವಾದ ಮುಖ್ಯ ವಾದ.

ವೆಚ್ಚವೂ ಸಣ್ಣದಲ್ಲ. ಹುಲ್ಲುಗಾವಲನ್ನು ಕಾಡಾಗಿಸಲು ಪ್ರತಿ ಹೆಕ್ಟೇರ್‌ಗೆ ಸಾವಿರಾರು ಸಸಿಗಳೂ ಅನೇಕ ವರ್ಷಗಳ ಕೂಲಿಯೂ ಬೇಕು. ಇರುವ ಕಾಡನ್ನು ಉಳಿಸಿಕೊಳ್ಳುವುದು ಕಳೆದುಹೋದುದನ್ನು ಮತ್ತೆ ಕಟ್ಟುವುದಕ್ಕಿಂತ ಎಷ್ಟೋ ಅಗ್ಗ. ಮರುನಾಟಿ ಮಾಡಿದ ಕಾಡು ಹಳೆಯ ಕಾಡಿಗೆ ಪೂರಕವೇ ಹೊರತು ಪರ್ಯಾಯವಲ್ಲ. ಮಹಾನಗರವು ವಿಸ್ತರಿಸಿದಂತೆ ಜಮೀನಿನ ಬೆಲೆಯೂ ವಸತಿ ಬಡಾವಣೆಗಳ ಒತ್ತಡವೂ ಹೆಚ್ಚುವುದರಿಂದ, ಇಂದು ಸಾಧ್ಯವಿರುವ ಜೋಡಣೆಗಳು ಮುಂದೆ ಅಸಾಧ್ಯವಾಗಬಹುದು.

ಪಶ್ಚಿಮ ಘಟ್ಟಗಳ ಹೋಲಿಕೆ

ಭಾರತದ ಪಶ್ಚಿಮ ಘಟ್ಟಗಳಲ್ಲಿ ಸಿಂಗಳೀಕದ ಸ್ಥಿತಿ ಇದನ್ನು ಬಹುಮಟ್ಟಿಗೆ ಹೋಲುತ್ತದೆ. ಕರ್ನಾಟಕ, ಕೇರಳ ಮತ್ತು ತಮಿಳುನಾಡುಗಳ ಮಳೆಕಾಡುಗಳಲ್ಲಿ ಮಾತ್ರ ಇರುವ ಸಿಂಗಳೀಕವೂ ಮರದ ಮೇಲೆಯೇ ಬದುಕುವ, ಅಳಿವಿನಂಚಿನ ವಾನರ. ಕಾಫಿ ಮತ್ತು ಚಹಾ ತೋಟಗಳು, ಜಲಾಶಯಗಳು ಹಾಗೂ ರಸ್ತೆಗಳು ಅದರ ನೆಲೆಯನ್ನು ತುಂಡರಿಸಿವೆ. ತಮಿಳುನಾಡಿನ ಆನೆಮಲೆಯ ವಾಲ್ಪಾರೈ ಪ್ರಸ್ಥಭೂಮಿಯಲ್ಲಿ ತೋಟಗಳ ನಡುವೆ ಉಳಿದ ಕಾಡಿನ ತುಣುಕುಗಳಲ್ಲಿ ಸ್ಥಳೀಯ ಮರಗಳನ್ನು ನೆಟ್ಟು ಪುನಶ್ಚೇತನಗೊಳಿಸುವ ಕಾರ್ಯವನ್ನು ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುತ್ತಿದೆ. ಸಿಂಗಳೀಕಗಳು ರಸ್ತೆಗಿಳಿಯದೆ ದಾಟಲು ಮರಗಳ ನಡುವೆ ತೂಗುಸೇತುವೆಗಳನ್ನೂ ಕಟ್ಟಲಾಗಿದೆ. ಕರ್ನಾಟಕದಲ್ಲಿ ಶಿರಸಿ–ಹೊನ್ನಾವರ ಭಾಗದ ಕಾಡುಗಳು ಸಿಂಗಳೀಕದ ಮುಖ್ಯ ನೆಲೆಗಳಲ್ಲೊಂದು. ಅವುಗಳ ರಕ್ಷಣೆಗಾಗಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು.

ಸದ್ಯದ ಸ್ಥಿತಿ

ಚಿನ್ನದ ಸಿಂಹ ಟ್ಯಾಮರಿನ್ ಇಂದು ಬ್ರೆಜಿಲ್‌ನ ಸಂರಕ್ಷಣಾ ಕಾರ್ಯದ ಸಂಕೇತವಾಗಿದ್ದು, 2002ರಿಂದ ಆ ದೇಶದ 20 ರಿಯಾಲ್ ನೋಟಿನ ಮೇಲೆ ಅದರ ಚಿತ್ರವಿದೆ. ಸಂಖ್ಯೆಯ ದೃಷ್ಟಿಯಿಂದ 2,000ದ ಗುರಿಯನ್ನು ಅದು ಬಹಳ ಹಿಂದೆಯೇ ದಾಟಿದೆ. ಆದರೆ ಆ ಪ್ರಾಣಿಗಳೆಲ್ಲವೂ ಒಂದೇ ಅಖಂಡ ಕಾಡಿನಲ್ಲಿಲ್ಲ. ಅವು ಅನೇಕ ತುಣುಕುಗಳಲ್ಲಿ ಹಂಚಿಹೋಗಿವೆ. ಕಾರಿಡಾರ್‌ಗಳು ಪ್ಯೂಮಾ, ಕೇಸರವುಳ್ಳ ಸ್ಲಾತ್ ಮತ್ತು ಅನೇಕ ಹಕ್ಕಿಗಳೂ ಸೇರಿದಂತೆ ಅದೇ ಕಾಡಿನ ಇತರ ಜೀವಿಗಳಿಗೂ, ಕಾಡಿನ ತೊರೆಗಳ ನೀರನ್ನು ಅವಲಂಬಿಸಿದ ಪಟ್ಟಣಗಳಿಗೂ ಉಪಯುಕ್ತವಾಗಿವೆ. ಉಳಿದ ಅಂತರಗಳನ್ನು ಮುಚ್ಚುವ ನಾಟಿ, ಖಾಸಗಿ ಮೀಸಲು ಪ್ರದೇಶಗಳ ನೋಂದಣಿ, ಲಸಿಕೆ ಮತ್ತು ನಿಯಮಿತ ಗಣತಿಗಳನ್ನು ಒಟ್ಟಾಗಿ ಮುಂದುವರಿಸುವುದು ಸದ್ಯದ ಕಾರ್ಯಕ್ರಮವಾಗಿದೆ.